ನೂರರಾಗ ಇಪ್ಪತ್ತೆಂಟು: ಮಿಷಿಗನ್‌ನ 13 ಕ್ಷೇತ್ರಗಳಲ್ಲಿ ಗೆಲುವು ತೀರ್ಮಾನವಾಗುವ ಬಗೆ

2022ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಕಾಕಾ ಫೋನ್ ಮಾಡಿದ್ದರು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅಮೆರಿಕದ ಡೆಟ್ರಾಯ್ಟ್‌ನಿಂದ ಗೆದ್ದರು ಎಂಬ ಸುದ್ದಿ ಅವರ ಕಣ್ಣಿಗೆ ಬಿದ್ದಿತ್ತು. (ಇಲ್ಲಿ ಶ್ರೀ ಎನ್ನುವುದು ಗೌರವಕ್ಕೆ ಸೇರಿಸಿದ್ದಲ್ಲ, ಅವರ ಹೆಸರೇ ಅದು.) ಖುಷಿಯ ಜೊತೆಗೇ ಕಾಕಾಗೆ ತಲೆಬಿಸಿಯೂ ಆಗಿತ್ತು.

"ಅಲ್ಲೋ ತಮ್ಮಾ, ನೂರರಾಗ ಇಪ್ಪತ್ತೆಂಟು ಓಟು ಬಿದ್ದಾವಂತ. ಉಳದ ಎಪ್ಪತ್ತೆರಡು ಮಂದಿ ಬ್ಯಾಡ ಅಂದಂಗ ಆತಲ್ಲ. ಹಂಗಿದ್ರ ಗೆದ್ದದ್ದು ಹ್ಯಾಂಗ? ಮತ್ತ ನೀ ನೋಡಿದ್ರ ಎಲೆಕ್ಷನ್ ನವೆಂಬರ್‌ದಾಗ ಅಂತಿ. ಈಗ ಗೆದ್ರು ಅಂತ ಯಾಕ ಬರದಾರ?"

ಮೂವತ್ತು ವರ್ಷ ಮೇಷ್ಟರಾಗಿದ್ದವರು, ಕೇಳಿದ ಎರಡೂ ಪ್ರಶ್ನೆ ನೇರವಾಗಿ ಗುರಿಗೇ ತಾಗಿದ್ದವು. ಆ ಸಂಜೆ ಫೋನಿನಲ್ಲಿ ನನಗೆ ತಿಳಿದಷ್ಟು ಹೇಳಿದೆ. ಅಷ್ಟಕ್ಕೆ ನನಗೇ ಸಮಾಧಾನವಾಗಲಿಲ್ಲ. ನಾನಿರುವುದು ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಇಲ್ಲಿ ಮತ ಹಾಕುತ್ತಾ ಹಾಕುತ್ತಾ ನನಗೆ ಅರ್ಥವಾದದ್ದು ಒಂದು: ನವೆಂಬರ್‌ನಲ್ಲಿ ಜನ ಮತಗಟ್ಟೆಗೆ ಹೋಗುವ ಹೊತ್ತಿಗೆ ಮೂರು ತೀರ್ಮಾನ ಆಗಲೇ ಆಗಿಹೋಗಿರುತ್ತವೆ. ರಾಜ್ಯಕ್ಕೆ ಎಷ್ಟು ಸೀಟು, ಒಂದೊಂದು ಕ್ಷೇತ್ರದ ಗಡಿ ಎಲ್ಲಿ, ಪಕ್ಷದ ಹುರಿಯಾಳು ಯಾರು. ಈ ಮೂರೂ ಗೊತ್ತಾಗದೆ ಇಪ್ಪತ್ತೆಂಟರ ಲೆಕ್ಕ ಬಿಡಿಸಲು ಆಗುವುದಿಲ್ಲ.

ಮೊದಲೇ ಒಂದು ಮಾತು. ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಅಮೆರಿಕದ ಸಂಸತ್ತು. ಅದರ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ 435 ಸದಸ್ಯರಿದ್ದಾರೆ, ನಮ್ಮ ಲೋಕಸಭೆಯಂತೆ ಒಂದು ಕ್ಷೇತ್ರಕ್ಕೆ ಒಬ್ಬರು. ಅವಧಿ ಮಾತ್ರ ಎರಡೇ ವರ್ಷ. ಸಮ ಸಂಖ್ಯೆಯ ಪ್ರತಿ ವರ್ಷ, ನವೆಂಬರ್‌ನ ಮೊದಲ ಸೋಮವಾರದ ಮರುದಿನ, ಎಲ್ಲ 435 ಸೀಟಿಗೂ ಒಂದೇ ದಿನ ಚುನಾವಣೆ. ಮಿಷಿಗನ್ ಪಾಲಿಗೆ ಈಗ 13 ಸೀಟುಗಳಿವೆ.

ಹತ್ತೊಂಬತ್ತು ಹದಿಮೂರಾದದ್ದು

ಈ ಹದಿಮೂರು ಒಂದು ಕಾಲಕ್ಕೆ ಹತ್ತೊಂಬತ್ತಿತ್ತು. ಕಾರು ಕಾರ್ಖಾನೆಗಳು ಜೋರಾಗಿ ನಡೆಯುತ್ತಿದ್ದ 1960, 70ರ ದಶಕಗಳಲ್ಲಿ ಮಿಷಿಗನ್ 19 ಮಂದಿಯನ್ನು ವಾಷಿಂಗ್ಟನ್‌ಗೆ ಕಳಿಸುತ್ತಿತ್ತು. ಆಮೇಲೆ 18, 16, 15, 14, ಈಗ 13. ಜನ ಕಡಿಮೆಯಾದರೇ ಎಂದರೆ, ಇಲ್ಲ. 1970ರಲ್ಲಿ ಸುಮಾರು 89 ಲಕ್ಷವಿದ್ದ ಜನಸಂಖ್ಯೆ 2020ರಲ್ಲಿ 1 ಕೋಟಿ ದಾಟಿದೆ. ಜನ ಹೆಚ್ಚಿದರೂ ಸೀಟು ಇಳಿದಿದೆ.

ಕಾರಣ ಸರಳ. ಒಟ್ಟು ಸೀಟು 435 ಎಂದು ನೂರು ವರ್ಷಕ್ಕೂ ಹಿಂದೆಯೇ ನಿಂತುಬಿಟ್ಟಿದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಅದೇ 435ನ್ನು ಐವತ್ತು ರಾಜ್ಯಗಳು ಹೊಸದಾಗಿ ಹಂಚಿಕೊಳ್ಳಬೇಕು. ರೊಟ್ಟಿ ದೊಡ್ಡದಾಗುವುದಿಲ್ಲ, ತುಂಡುಗಳ ಅಳತೆ ಮಾತ್ರ ಬದಲಾಗುತ್ತದೆ. ಟೆಕ್ಸಸ್, ಫ್ಲಾರಿಡಾಗಳು ಓಡುವ ವೇಗದಲ್ಲಿ ಬೆಳೆದವು, ಮಿಷಿಗನ್ ನಡೆಯುವ ವೇಗದಲ್ಲಿ ಬೆಳೆಯಿತು. 2010ರ ಗಣತಿಯಲ್ಲಂತೂ ಇಡೀ ದೇಶದಲ್ಲಿ ಜನಸಂಖ್ಯೆ ಇಳಿದ ರಾಜ್ಯ ಇದೊಂದೇ ಆಗಿತ್ತು.

ಹಂಚುವ ಸೂತ್ರದ ಮೇಲೂ ಮಿಷಿಗನ್‌ಗೆ ಒಂದು ಹಳೆಯ ನೋವಿದೆ. 1940ರ ಗಣತಿಯ ನಂತರ ಭಾಗಾಕಾರದಲ್ಲಿ ಉಳಿಯುವ ಚೂರುಪಾರನ್ನು ಹೇಗೆ ಲೆಕ್ಕ ಹಿಡಿಯಬೇಕು ಎಂಬ ಚರ್ಚೆ ಎದ್ದಿತು. ಒಂದು ಸೂತ್ರದಲ್ಲಿ ಮಿಷಿಗನ್‌ಗೆ 18, ಅರ್ಕನ್ಸಾಗೆ 6. ಇನ್ನೊಂದರಲ್ಲಿ ಮಿಷಿಗನ್‌ಗೆ 17, ಅರ್ಕನ್ಸಾಗೆ 7. ಅರ್ಕನ್ಸಾ ಆಗ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ, ಸಂಸತ್ತಿನಲ್ಲಿ ಬಹುಮತವೂ ಅದೇ ಪಕ್ಷದ್ದು. 1941ರಲ್ಲಿ ಎರಡನೆಯ ಸೂತ್ರವೇ ಕಾನೂನಾಯಿತು. ಇವತ್ತಿಗೂ ಸೀಟು ಹಂಚುವುದು ಅದೇ ಸೂತ್ರದಲ್ಲಿ. ಗಣಿತವೆಂದು ಕಾಣುವ ಜಾಗದಲ್ಲೂ ಯಾರ ಕೈ ಆಡಿದೆ ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಈ ಪ್ರಸಂಗ ಓದಿದ ಮೇಲೆ.

ಕರ್ನಾಟಕದ ಓದುಗರಿಗೆ ಇದು ದೂರದ ವಿಷಯವಲ್ಲ. ಲೋಕಸಭೆಯಲ್ಲಿ ನಮ್ಮ ಪಾಲಿನ 28 ಸೀಟು ನಿಂತಿರುವುದು 1971ರ ಜನಗಣತಿಯ ಮೇಲೆ. 1976ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ರಾಜ್ಯಗಳ ಪಾಲನ್ನು ಹಾಗೇ ನಿಲ್ಲಿಸಲಾಯಿತು. 2001ರಲ್ಲಿ ಆ ತಡೆಯನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಲಾಯಿತು. ಆ ತಡೆ ಇಲ್ಲದೆ ಹತ್ತು ಹತ್ತು ವರ್ಷಕ್ಕೆ ಪಾಲು ಬದಲಾಗುತ್ತಾ ಬಂದಿದ್ದರೆ ನಿಧಾನವಾಗಿ ಬೆಳೆದ ರಾಜ್ಯಕ್ಕೆ ಏನಾಗುತ್ತಿತ್ತು ಎನ್ನುವುದಕ್ಕೆ ಮಿಷಿಗನ್‌ನ ಹತ್ತೊಂಬತ್ತು, ಹದಿಮೂರರ ಲೆಕ್ಕ ಕಣ್ಣೆದುರಿಗಿದೆ. ದಕ್ಷಿಣದ ರಾಜ್ಯಗಳ ಆತಂಕ ಅಳತೆ ಮೀರಿದ್ದು ಎನ್ನುವವರು ಇದನ್ನೊಮ್ಮೆ ನೋಡಬೇಕು.

ಗೆರೆ ಎಳೆಯುವ ಕೈ

ಮಿಷಿಗನ್‌ನವರನ್ನು ನಿಮ್ಮೂರು ಎಲ್ಲಿ ಎಂದು ಕೇಳಿದರೆ ಮೊಬೈಲ್ ತೆಗೆಯುವುದಿಲ್ಲ, ಅಂಗೈ ತೋರಿಸುತ್ತಾರೆ. ರಾಜ್ಯದ ಕೆಳಭಾಗ ಕೈಗವಸಿನ ಆಕಾರದಲ್ಲಿದೆ. ಬಲಗೈ ಅಂಗೈಯನ್ನು ಮುಖದ ಕಡೆ ಹಿಡಿದರೆ ಹೆಬ್ಬೆರಳು ಪೂರ್ವಕ್ಕೆ ಬರುತ್ತದೆ, ಅದರ ಬುಡದ ಕೆಳಗೆ ಡೆಟ್ರಾಯ್ಟ್. ಕಿರುಬೆರಳಿನ ಬದಿಗೆ, ಅಂಗೈಯ ನಡುವಿಗಿಂತ ಕೊಂಚ ಕೆಳಗೆ, ಗ್ರ್ಯಾಂಡ್ ರಾಪಿಡ್ಸ್. ಬೆರಳ ತುದಿಯಿಂದಾಚೆ ಜಲಸಂಧಿ, ಅದರ ಮೇಲೆ 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ, ಸೇತುವೆ ದಾಟಿದರೆ ಕಾಡು ಕೆರೆಗಳ ಮೇಲಿನ ಪರ್ಯಾಯ ದ್ವೀಪ. ಇದಿಷ್ಟನ್ನೂ ಹದಿಮೂರು ತುಂಡು ಮಾಡಬೇಕು, ಎಲ್ಲ ತುಂಡಿನಲ್ಲೂ ಜನ ಸಮ ಇರಬೇಕು. ಈಗ ಒಂದು ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ. (2011ರ ಗಣತಿ ಹಿಡಿದರೆ ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರದಲ್ಲಿ ಸರಾಸರಿ 21 ಲಕ್ಷಕ್ಕೂ ಹೆಚ್ಚು.)

ಈ ಸಮ ಎಂಬ ನಿಯಮ ತಾನಾಗಿ ಬಂದದ್ದಲ್ಲ. 1960ರ ಗಣತಿಯ ಹೊತ್ತಿಗೆ ಮಿಷಿಗನ್‌ನ ಒಂದು ಕ್ಷೇತ್ರದಲ್ಲಿ 8 ಲಕ್ಷ ಜನ, ಇನ್ನೊಂದರಲ್ಲಿ 1.77 ಲಕ್ಷ ಜನ ಇದ್ದರು. ಇಬ್ಬರಿಗೂ ಒಬ್ಬೊಬ್ಬ ಪ್ರತಿನಿಧಿ! 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ರಾಜ್ಯದ ಕ್ಷೇತ್ರಗಳ ಜನಸಂಖ್ಯೆ ಆದಷ್ಟೂ ಸಮವಾಗಿರಬೇಕು ಎಂದಿತು. ಆಮೇಲೆ ಲೆಕ್ಕ ಎಷ್ಟು ಬಿಗಿಯಾಯಿತೆಂದರೆ, 2011ರಲ್ಲಿ ಎಳೆದ ನಕ್ಷೆಯಲ್ಲಿ ಪ್ರತಿ ಕ್ಷೇತ್ರದ ಗುರಿ 7,05,974 ಜನ, ಕೊನೆಯ ಒಂದಂಕಿಯವರೆಗೂ.

ಸಮ ಇದ್ದಮೇಲೆ ನ್ಯಾಯವೂ ಇದ್ದಂತೆಯೇ ಎಂದು ನಾನೂ ನಂಬಿದ್ದೆ. ಇಲ್ಲ. ಒಂದು ಊರಲ್ಲಿ 25 ಮನೆ ಇವೆ ಎಂದುಕೊಳ್ಳಿ. 15 ಮನೆಯವರು ಹಸಿರು ಪಕ್ಷ, 10 ಮನೆಯವರು ನೀಲಿ ಪಕ್ಷ. ಐದೈದು ಮನೆಗೊಂದು ವಾರ್ಡು, ಒಟ್ಟು ಐದು ವಾರ್ಡು. ಗೆರೆ ಎಳೆಯುವ ಕೆಲಸ ನೀಲಿಯವರ ಕೈಯಲ್ಲಿದೆ. ಅವರು ಹಸಿರಿನ ಹತ್ತು ಮನೆಗಳನ್ನು ಎರಡು ವಾರ್ಡಿಗೆ ತುರುಕುತ್ತಾರೆ. ಆ ಎರಡೂ ಹಸಿರಿನವರಿಗೇ, ಐದಕ್ಕೆ ಐದು ಮತ. ಉಳಿದ ಐದು ಹಸಿರು ಮನೆಗಳನ್ನು ಮೂರು ವಾರ್ಡಿಗೆ ಎರಡು, ಎರಡು, ಒಂದು ಎಂದು ಚದುರಿಸುತ್ತಾರೆ. ಆ ಮೂರರಲ್ಲೂ ನೀಲಿಗೆ ಗೆಲುವು. ಹತ್ತು ಮನೆಯವರಿಗೆ ಮೂರು ವಾರ್ಡು, ಹದಿನೈದು ಮನೆಯವರಿಗೆ ಎರಡು. ಒಂದೇ ಒಂದು ಕಳ್ಳಮತ ಬಿದ್ದಿಲ್ಲ, ಎಣಿಕೆಯಲ್ಲಿ ಒಂದಂಕಿ ತಪ್ಪಿಲ್ಲ. ತುರುಕುವುದು, ಚದುರಿಸುವುದು, ಈ ಎರಡೇ ಉಪಾಯ. ಇದಕ್ಕೆ ಅಮೆರಿಕದಲ್ಲಿ ಗೆರಿಮ್ಯಾಂಡರಿಂಗ್ ಎನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ (ಇಲ್ಲಿ ಅದು ನಮ್ಮ ಮುಖ್ಯಮಂತ್ರಿಯಂಥ ಚುನಾಯಿತ ಹುದ್ದೆ) ಆಗಿದ್ದ ಎಲ್‌ಬ್ರಿಡ್ಜ್ ಗೆರಿ ಒಪ್ಪಿಗೆ ಕೊಟ್ಟ ನಕ್ಷೆಯ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಪ್ರಾಣಿಯ ಆಕಾರದಲ್ಲಿತ್ತು, ಹೆಸರು ಅಲ್ಲಿಂದ ಹುಟ್ಟಿದ್ದು.

ಹಳ್ಳಿಯ ಲೆಕ್ಕ ಮಿಷಿಗನ್‌ನಲ್ಲಿ ನಿಜವಾಗಿಯೂ ನಡೆಯಿತು. 2011ರಲ್ಲಿ ನಕ್ಷೆ ಎಳೆಯುವ ಅಧಿಕಾರ ರಾಜ್ಯದ ಶಾಸನಸಭೆಗಿತ್ತು, ಎರಡೂ ಮನೆ ಮತ್ತು ಗವರ್ನರ್ ಸ್ಥಾನ ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದವು. ಮರುವರ್ಷದ ಚುನಾವಣೆಯಲ್ಲಿ ಇಡೀ ರಾಜ್ಯದ ಹೌಸ್ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೆಮಾಕ್ರಟಿಕ್ ಪಕ್ಷಕ್ಕೆ ಬಿದ್ದವು, ರಿಪಬ್ಲಿಕನ್ ಪಕ್ಷಕ್ಕೆ ನೂರಕ್ಕೆ 46ರ ಹತ್ತಿರ. ಸೀಟು ಬಂದದ್ದು? ರಿಪಬ್ಲಿಕನ್ 9, ಡೆಮಾಕ್ರಟಿಕ್ 5. 2014, 2016ರಲ್ಲೂ ಅದೇ 9 ಮತ್ತು 5, ಒಂದು ಸೀಟೂ ಕದಲಲಿಲ್ಲ.

ನಾನು ಆಗ ಇದ್ದದ್ದು ಆ ನಕ್ಷೆಯ 14ನೇ ಕ್ಷೇತ್ರದಲ್ಲಿ. ಅದನ್ನು ಮೊದಲ ಸಲ ನೋಡಿದಾಗ ಮುದ್ರಣದಲ್ಲಿ ಏನೋ ತಪ್ಪಾಗಿದೆ ಎಂದುಕೊಂಡೆ. ಡೆಟ್ರಾಯ್ಟ್‌ನ ಪೂರ್ವಕ್ಕೆ, ನೀರಿನ ದಂಡೆಯ ಗ್ರೋಸ್ ಪಾಯಿಂಟ್‌ನಲ್ಲಿ ಶುರುವಾಗಿ, ನಗರದೊಳಗೆ ನುಸುಳಿ, ಸೌತ್‌ಫೀಲ್ಡ್ ಹಿಡಿದು, ನಮ್ಮ ಫಾರ್ಮಿಂಗ್ಟನ್ ಹಿಲ್ಸ್ ತಲುಪಿ, ಅಲ್ಲಿಂದ ಮತ್ತೆ ಬಾಲ ತಿರುಗಿಸಿ ಪಾಂಟಿಯಾಕ್‌ಗೆ ಹೋಗುತ್ತಿತ್ತು. ಗ್ರೋಸ್ ಪಾಯಿಂಟ್‌ನ ದಂಡೆಯಲ್ಲಿರುವವರಿಗೂ ಪಾಂಟಿಯಾಕ್‌ನವರಿಗೂ ಒಂದೇ ಶಾಲೆಯಿಲ್ಲ, ಒಂದೇ ಬಸ್ಸಿಲ್ಲ, ಒಂದೇ ಅಂಗಡಿಬೀದಿಯಿಲ್ಲ. ಅವರನ್ನು ಒಂದು ಮಾಡಿದ್ದು ಯಾವ ಪಕ್ಷಕ್ಕೆ ಮತ ಹಾಕುವವರು ಎಂಬ ಲೆಕ್ಕ ಮಾತ್ರ.

ಈ ನಕ್ಷೆಯ ಮೇಲೆ ಮೊಕದ್ದಮೆ ನಡೆದು, 2019ರ ಏಪ್ರಿಲ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ (ಅಂದರೆ ಕೇಂದ್ರದ) ಪೀಠ ಇದು ಅಸಾಂವಿಧಾನಿಕ ಎಂದಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬೇರೆ ರಾಜ್ಯಗಳ ಪ್ರಕರಣದಲ್ಲಿ, ಪಕ್ಷದ ಲಾಭಕ್ಕೆ ಗೆರೆ ಎಳೆದರೆಂಬ ದೂರನ್ನು ಫೆಡರಲ್ ನ್ಯಾಯಾಲಯಗಳು ವಿಚಾರಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮಿಷಿಗನ್ ತೀರ್ಪು ಬಿದ್ದುಹೋಯಿತು.

ಅಷ್ಟರಲ್ಲಿ ಜನ ಬೇರೆ ದಾರಿ ಹಿಡಿದಾಗಿತ್ತು. 2016ರ ನವೆಂಬರ್‌ನಲ್ಲಿ ಗ್ರ್ಯಾಂಡ್ ರಾಪಿಡ್ಸ್ ಕಡೆಯ ಕೇಟಿ ಫೇಹಿ ಎಂಬ ಇಪ್ಪತ್ತೇಳರ ಯುವತಿ ಫೇಸ್‌ಬುಕ್‌ನಲ್ಲಿ ಒಂದು ಸಾಲು ಬರೆದರು: ಗೆರಿಮ್ಯಾಂಡರಿಂಗ್ ವಿರುದ್ಧ ಏನಾದರೂ ಮಾಡಬೇಕು, ಯಾರಿಗಾದರೂ ಆಸಕ್ತಿ ಇದ್ದರೆ ತಿಳಿಸಿ ಎನ್ನುವ ಅರ್ಥದ್ದು. ಆ ಸಾಲಿನಿಂದ ಸಾವಿರಾರು ಸ್ವಯಂಸೇವಕರು ಸೇರಿದರು. ಮಿಷಿಗನ್‌ನಲ್ಲಿ ಸಾಕಷ್ಟು ಮತದಾರರ ಸಹಿ ಸಂಗ್ರಹಿಸಿದರೆ ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ನೇರವಾಗಿ ಜನರ ಮುಂದಿಡಬಹುದು, ಶಾಸನಸಭೆಯ ಅಪ್ಪಣೆ ಬೇಕಿಲ್ಲ. ಬೇಕಿದ್ದದ್ದು 3.15 ಲಕ್ಷ ಸಹಿ, ಬಂದದ್ದು 4.25 ಲಕ್ಷಕ್ಕೂ ಹೆಚ್ಚು. 2018ರ ನವೆಂಬರ್‌ನಲ್ಲಿ ನೂರಕ್ಕೆ 61 ಮಂದಿ ಹೌದು ಎಂದರು. ಇದನ್ನು ಬರೆಯುವಾಗ ಈಗಲೂ ನನ್ನ ಎದೆ ತುಂಬಿ ಬರುತ್ತದೆ.

ತಿದ್ದುಪಡಿಯಿಂದ ಬಂದದ್ದು ಹದಿಮೂರು ಮಂದಿ ನಾಗರಿಕರ ಆಯೋಗ. ನಾಲ್ವರು ಡೆಮಾಕ್ರಟಿಕ್ ಕಡೆಯವರು, ನಾಲ್ವರು ರಿಪಬ್ಲಿಕನ್ ಕಡೆಯವರು, ಐವರು ಯಾವ ಪಕ್ಷಕ್ಕೂ ಸೇರದವರು. ಕಳೆದ ಆರು ವರ್ಷಗಳಲ್ಲಿ ಚುನಾವಣೆಗೆ ನಿಂತವರು, ಪಕ್ಷದ ಪದಾಧಿಕಾರಿಗಳು, ಲಾಬಿ ಮಾಡುವವರು, ಅವರ ಹತ್ತಿರದ ಸಂಬಂಧಿಗಳು ಅರ್ಜಿ ಹಾಕುವಂತಿಲ್ಲ. ಬಂದ ಒಂಬತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳಿಂದ 2020ರಲ್ಲಿ ಹದಿಮೂರು ಹೆಸರುಗಳನ್ನು ಆರಿಸಿದ್ದು ಲಾಟರಿಯಿಂದ. ಅಂದರೆ ಚೀಟಿ ಎತ್ತಿದಂತೆಯೇ, ಎತ್ತಿದ್ದು ಕಂಪ್ಯೂಟರ್ ಅಷ್ಟೇ. ನಕ್ಷೆ ಒಪ್ಪಿಗೆಯಾಗಬೇಕಾದರೆ ಬಹುಮತ ಸಾಲದು, ಮೂರೂ ಗುಂಪಿನಿಂದ ಕನಿಷ್ಠ ಇಬ್ಬಿಬ್ಬರ ಮತ ಬೇಕು. 2021ರ ಡಿಸೆಂಬರ್ 28ರಂದು ಅವರು ಎಂಟು ಮತಗಳಿಂದ ಒಪ್ಪಿದ ನಕ್ಷೆಗೆ ಚೆಸ್ಟ್‌ನಟ್ ಎಂದು ಹೆಸರು. ಆಯೋಗ ಒಟ್ಟಾಗಿ ಮುಂದಿಟ್ಟಿದ್ದ ನಕ್ಷೆಗಳಿಗೆ ಮರಗಳ ಹೆಸರಿಟ್ಟಿದ್ದರು.

ನಾನು ಮನೆ ಬದಲಿಸಲಿಲ್ಲ, ಆದರೂ 14ನೇ ಕ್ಷೇತ್ರದವನು 11ನೇ ಕ್ಷೇತ್ರದವನಾದೆ. ಈ ಸಲ ನಕ್ಷೆ ನೋಡಿದರೆ ಅಕ್ಕಪಕ್ಕದ ಊರುಗಳೇ ಜೊತೆಗಿದ್ದವು. ಫಲಿತಾಂಶದಲ್ಲೂ ಬದಲಾವಣೆ ಕಂಡಿತು. 2022ರಲ್ಲಿ ಡೆಮಾಕ್ರಟಿಕ್ 7, ರಿಪಬ್ಲಿಕನ್ 6. 2024ರಲ್ಲಿ ತಿರುಗಿ ರಿಪಬ್ಲಿಕನ್ 7, ಡೆಮಾಕ್ರಟಿಕ್ 6. ಜನರ ಒಲವು ಆಚೀಚೆ ಆದಂತೆ ಸೀಟೂ ಆಚೀಚೆ ಆಯಿತು. ಮೆಕೋಂಬ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕಡೆಯ 10ನೇ ಕ್ಷೇತ್ರದಲ್ಲಿ 2022ರಲ್ಲಿ ಜಾನ್ ಜೇಮ್ಸ್ ಗೆದ್ದದ್ದು ಸುಮಾರು 1,600 ಮತಗಳ ಅಂತರದಲ್ಲಿ. ರಾಜಧಾನಿ ಲ್ಯಾನ್ಸಿಂಗ್ ಇರುವ 7ನೇ ಕ್ಷೇತ್ರವನ್ನು 2022ರಲ್ಲಿ ಡೆಮಾಕ್ರಟಿಕ್ ಪಕ್ಷದ ಎಲಿಸಾ ಸ್ಲಾಟ್‌ಕಿನ್ ಗೆದ್ದರು. ಅವರು ಮೇಲ್ಮನೆಯಾದ ಸೆನೆಟ್‌ಗೆ ಹೊರಟ ಮೇಲೆ 2024ರಲ್ಲಿ, ಹಿಂದೆ ಅವರ ಎದುರು ಸೋತಿದ್ದ ಟಾಮ್ ಬ್ಯಾರೆಟ್ ಗೆದ್ದರು. ಫ್ಲಿಂಟ್, ಸ್ಯಾಗಿನಾ ಇರುವ 8ನೇ ಕ್ಷೇತ್ರದಲ್ಲಿ ಅದೇ ದಿನ ಅಧ್ಯಕ್ಷ ಸ್ಥಾನಕ್ಕೆ ಹೆಚ್ಚು ಮತ ಟ್ರಂಪ್‌ಗೆ ಬಿದ್ದರೂ ಹೌಸ್ ಸೀಟು ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟನ್ ಮ್ಯಾಕ್‌ಡೊನಾಲ್ಡ್ ರಿವೆಟ್ ಪಾಲಾಯಿತು.

ಆದರೆ ಈ ನಕ್ಷೆಯಿಂದ ನೋವಾದವರೂ ಇದ್ದಾರೆ. ಡೆಟ್ರಾಯ್ಟ್‌ನ ನಾಲ್ಕು ಪಾಲು ಜನರಲ್ಲಿ ಮೂರು ಪಾಲು ಕಪ್ಪು ಸಮುದಾಯದವರು. ಹಳೆಯ ನಕ್ಷೆಯಲ್ಲಿ ಅವರು ಬಹುಸಂಖ್ಯಾತರಾಗಿದ್ದ ಕ್ಷೇತ್ರಗಳು ಎರಡಿದ್ದವು, 13 ಮತ್ತು 14. ಒಂದೆಡೆ ತುರುಕಿದ್ದನ್ನು ಬಿಡಿಸಲು ಹೋದ ಆಯೋಗ ನಗರವನ್ನು ಉಪನಗರಗಳ ಜೊತೆ ಬೆಸೆಯಿತು. ಹೊಸ 12 ಮತ್ತು 13ರಲ್ಲಿ ಕಪ್ಪು ಮತದಾರರು ದೊಡ್ಡ ಗುಂಪೇ ಆದರೂ ಅರ್ಧ ದಾಟಲಿಲ್ಲ. ಪಕ್ಷಗಳ ನಡುವೆ ನ್ಯಾಯ ಮಾಡಹೊರಟ ಗೆರೆ ಒಂದು ಸಮುದಾಯದ ಬಲವನ್ನು ತೆಳುಮಾಡಿತು ಎಂಬ ದೂರು ಸುಳ್ಳಲ್ಲ. ಇದೇ ಆಯೋಗ ರಾಜ್ಯ ಶಾಸನಸಭೆಗೆ ಎಳೆದ ಡೆಟ್ರಾಯ್ಟ್ ಸುತ್ತಲಿನ ಹದಿಮೂರು ಕ್ಷೇತ್ರಗಳನ್ನು, ಗೆರೆ ಎಳೆಯುವಾಗ ಜನಾಂಗವೇ ಮುಖ್ಯ ಲೆಕ್ಕವಾಗಿತ್ತು ಎಂಬ ಕಾರಣಕ್ಕೆ 2023ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟ್ ರದ್ದು ಮಾಡಿ ಹೊಸದಾಗಿ ಎಳೆಸಿತು. ಕಾಂಗ್ರೆಸ್ ನಕ್ಷೆ ಹಾಗೇ ಉಳಿಯಿತು. ಸಾಮಾನ್ಯ ಜನರ ಆಯೋಗ ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳಲಾರೆ. ಅವರ ಪ್ರತಿ ಸಭೆಯೂ ಬಾಗಿಲು ತೆರೆದು ನಡೆಯಬೇಕು ಎಂಬ ನಿಯಮವಿದೆ, ತಪ್ಪು ಎಲ್ಲಾಯಿತೆಂದು ತೋರಿಸುವ ದಾಖಲೆ ಸಿಗುತ್ತದೆ, ನನಗೆ ಮುಖ್ಯ ಅದು.

ಬಿ ಫಾರಂ ಕೊಡುವವರು ಮತದಾರರೇ

ಈಗ ಕಾಕಾ ಕೇಳಿದ ಆಗಸ್ಟ್‌ಗೆ ಬರೋಣ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ತೀರ್ಮಾನವಾಗುತ್ತದೆ, ಬಿ ಫಾರಂ ಮೇಲಿನಿಂದ ಬರುತ್ತದೆ. ಇಲ್ಲಿ ಅದನ್ನು ಕೊಡುವವರು ಮತದಾರರು. ಆಗಸ್ಟ್‌ನ ಮೊದಲ ಸೋಮವಾರದ ಮರುದಿನ ನಡೆಯುವ ಪ್ರೈಮರಿ ಎಂದರೆ ಅದೇ: ಪ್ರತಿ ಪಕ್ಷದ ಒಳಗಿನ ಸ್ಪರ್ಧೆ, ಸರ್ಕಾರವೇ ನಡೆಸುವ ಚುನಾವಣೆ.

ಪ್ರೈಮರಿಯ ಮತಪತ್ರ ಉದ್ದನೆಯ ಗಟ್ಟಿ ಕಾಗದ. ಡೆಮಾಕ್ರಟಿಕ್ ಒಂದು ಕಂಬಸಾಲು, ರಿಪಬ್ಲಿಕನ್ ಒಂದು ಕಂಬಸಾಲು, ಪಕ್ಕಪಕ್ಕದಲ್ಲೇ. ಹೆಸರಿನ ಮುಂದಿನ ಮೊಟ್ಟೆಯಾಕಾರದ ಜಾಗವನ್ನು ಪೆನ್ನಿನಿಂದ ತುಂಬಬೇಕು. ಮಿಷಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿ ಇಲ್ಲ, ಯಾವ ಸಾಲಿನಲ್ಲಿ ಬೇಕಾದರೂ ಮತ ಹಾಕಬಹುದು. ಆದರೆ ಒಂದೇ ಸಾಲು. ಒಂದು ಹುದ್ದೆಗೆ ಇಲ್ಲಿ, ಇನ್ನೊಂದಕ್ಕೆ ಅಲ್ಲಿ ಎಂದು ದಾಟಿದರೆ ಪಕ್ಷದ ಭಾಗದ ಮತಗಳೆಲ್ಲ ಅಸಿಂಧು. ನಾನು ಮೊದಲ ಸಲ ಹೋದಾಗ ಹೀಗೆಯೇ ಮಾಡಿದ್ದೆ. ಕಾಗದವನ್ನು ಎಣಿಕೆ ಯಂತ್ರದ ಬಾಯಿಗಿಟ್ಟರೆ ಅದು ಒಳಗೆ ಎಳೆದುಕೊಳ್ಳದೆ ಬೀಪ್ ಎಂದು ಹೊರಗೆ ತಳ್ಳಿತು. ಮತಗಟ್ಟೆಯಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ನನ್ನ ಕಾಗದದ ಕಡೆ ಕಣ್ಣೂ ಹಾಯಿಸದೆ ನಿಯಮ ತಿಳಿಸಿ, ಹಳೆಯದನ್ನು ರದ್ದು ಮಾಡಿಸಿ ಹೊಸ ಮತಪತ್ರ ಕೊಟ್ಟರು.

ಪ್ರೈಮರಿಗೆ ನಿಲ್ಲಲು ಠೇವಣಿಯಿಲ್ಲ. ಕ್ಷೇತ್ರದ ಕನಿಷ್ಠ 1,000 ಮತದಾರರ ಕ್ರಮಬದ್ಧ ಸಹಿ ಬೇಕು. ಸಣ್ಣ ವಿಷಯವೆಂದು ಕಾಣುತ್ತದೆ, ಆದರೆ ಘಟಾನುಘಟಿಗಳು ಇಲ್ಲೇ ಎಡವಿದ್ದಾರೆ. 2012ರಲ್ಲಿ ಐದು ಅವಧಿಯ ಸದಸ್ಯ ಥಾಡ್ಯೂಸ್ ಮೆಕಾಟರ್ ಅವರ ಪರವಾಗಿ ಸಲ್ಲಿಸಿದ ಸಹಿಗಳಲ್ಲಿ ಕ್ರಮಬದ್ಧವಾಗಿದ್ದವು ಬರೀ 244. ಅವರ ಸಿಬ್ಬಂದಿ ಹಳೆಯ ಅರ್ಜಿಗಳ ಹಾಳೆಗಳನ್ನೇ ನಕಲು ಮಾಡಿದ್ದರು. ಮೆಕಾಟರ್ ಮತಪತ್ರಕ್ಕೇ ಬರಲಿಲ್ಲ, ಆ ಜುಲೈನಲ್ಲಿ ರಾಜೀನಾಮೆ ಕೊಟ್ಟರು. 2024ರಲ್ಲಿ ಥಾನೇದಾರ್ ಎದುರು ನಿಲ್ಲಲು ಹೊರಟ ಆಡಮ್ ಹಾಲಿಯರ್ ಕೂಡ ಸಹಿ ಸಾಲದೆ ಹೊರಗುಳಿದರು.

ಪ್ರೈಮರಿಯಲ್ಲಿ ಅರ್ಧ ದಾಟಬೇಕೆಂದಿಲ್ಲ, ಮರುಸುತ್ತೂ ಇಲ್ಲ. ಯಾರಿಗೆ ಹೆಚ್ಚೋ ಅವರಿಗೆ ಗೆಲುವು. ಅಲ್ಲಿ ಸೋತವರು ಅದೇ ವರ್ಷ ಬೇರೆ ಪಕ್ಷದ ಹೆಸರಲ್ಲಿ ಮತಪತ್ರಕ್ಕೆ ಬರುವಂತಿಲ್ಲ, ನಮ್ಮಲ್ಲಿಯ ಹಾಗೆ ಬಂಡಾಯವೆದ್ದು ನಿಲ್ಲುವ ದಾರಿ ಮುಚ್ಚಿದೆ. ಹಾಗಾಗಿ ಎಷ್ಟು ಮಂದಿ ನಿಂತಿದ್ದಾರೆ ಎಂಬುದರ ಮೇಲೆಯೇ ಫಲಿತಾಂಶ ತಿರುಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಆಗಿನ 13ನೇ ಕ್ಷೇತ್ರದಲ್ಲಿ 2018ರ ಆಗಸ್ಟ್ 7ರಂದು ನಡೆದದ್ದು. ಐದು ದಶಕ ಅಲ್ಲಿನ ಪ್ರತಿನಿಧಿಯಾಗಿದ್ದ ಜಾನ್ ಕಾನ್ಯರ್ಸ್ ಹಿಂದಿನ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಉಳಿದಿದ್ದ ಅಲ್ಪಾವಧಿಗೊಂದು, ಮುಂದಿನ ಪೂರ್ಣಾವಧಿಗೊಂದು ಎಂದು ಅದೇ ದಿನ ಅದೇ ಮತಪತ್ರದಲ್ಲಿ ಎರಡು ಡೆಮಾಕ್ರಟಿಕ್ ಪ್ರೈಮರಿ. ಅಲ್ಪಾವಧಿಯದ್ದನ್ನು ಬ್ರೆಂಡಾ ಜೋನ್ಸ್ ಗೆದ್ದರು, ಪೂರ್ಣಾವಧಿಯದ್ದನ್ನು ರಶೀದಾ ತ್ಲೈಬ್ ಗೆದ್ದರು! ಮತದಾರರು ಅವರೇ, ಗಳಿಗೆಯೂ ಅದೇ. ಅಲ್ಪಾವಧಿಗೆ ನಿಂತವರು ನಾಲ್ವರು, ಪೂರ್ಣಾವಧಿಗೆ ಆರು ಮಂದಿ. ಹೆಚ್ಚಿಗೆ ನಿಂತ ಇಬ್ಬರು ಎಳೆದುಕೊಂಡ ಮತಗಳು ಫಲಿತಾಂಶವನ್ನೇ ಮಗುಚಿದವು. ಜೋನ್ಸ್ ಸದನದಲ್ಲಿದ್ದದ್ದು ಸುಮಾರು ಐದು ವಾರ. ತ್ಲೈಬ್ ಆಮೇಲಿನ ಚುನಾವಣೆಗಳನ್ನೂ ಗೆಲ್ಲುತ್ತಾ ಬಂದಿದ್ದಾರೆ, ಈಗ 12ನೇ ಕ್ಷೇತ್ರದಿಂದ.

ಪ್ರೈಮರಿಯಲ್ಲಿ ಎದುರು ಪಕ್ಷದ ಕೈವಾಡವೂ ಸಾಧ್ಯ. ಗ್ರ್ಯಾಂಡ್ ರಾಪಿಡ್ಸ್‌ನ 3ನೇ ಕ್ಷೇತ್ರದ ರಿಪಬ್ಲಿಕನ್ ಸದಸ್ಯ ಪೀಟರ್ ಮೈಯರ್ 2021ರಲ್ಲಿ ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರು. 2022ರ ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲದ ಜಾನ್ ಗಿಬ್ಸ್ ನಿಂತರು. ಗಿಬ್ಸ್ ಗೆದ್ದರೆ ನವೆಂಬರ್ ಸಲೀಸು ಎಂದು ಡೆಮಾಕ್ರಟಿಕ್ ಪಕ್ಷದ ಪ್ರಚಾರ ಸಮಿತಿ 4 ಲಕ್ಷ ಡಾಲರ್‌ಗೂ ಹೆಚ್ಚು ಸುರಿದು, ಗಿಬ್ಸ್ ಟ್ರಂಪ್‌ಗೆ ಎಷ್ಟು ಹತ್ತಿರ ಎಂದು ಟಿವಿಯಲ್ಲಿ ಜಾಹೀರಾತು ಹಾಕಿಸಿತು. ಮೈಯರ್ ಸೋತರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕಾಲ್ಟನ್ ಸುಲಭವಾಗಿ ಗೆದ್ದರು. ಲೆಕ್ಕ ಫಲಿಸಿತು, ನಿಜ. ಆದರೆ ಪಕ್ಷಕ್ಕಿಂತ ಆತ್ಮಸಾಕ್ಷಿ ಮುಂದಿಟ್ಟವರೊಬ್ಬರನ್ನು ಉರುಳಿಸಲು ಎದುರು ಪಕ್ಷ ದುಡ್ಡು ಸುರಿದದ್ದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಇನ್ನು ನವೆಂಬರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮಂತೆ ಇಡೀ ದೇಶಕ್ಕೆ ಚುನಾವಣೆ ನಡೆಸಿಕೊಡುವ ಆಯೋಗ ಇಲ್ಲಿಲ್ಲ. ಮಿಷಿಗನ್ ಒಂದರಲ್ಲೇ ನಗರ ಮತ್ತು ಟೌನ್‌ಶಿಪ್‌ಗಳ (ಕೌಂಟಿಯೊಳಗಿನ ಸಣ್ಣ ಸ್ಥಳೀಯ ಆಡಳಿತಗಳು) 1,500ಕ್ಕೂ ಹೆಚ್ಚು ಕ್ಲರ್ಕ್‌ಗಳು ಚುನಾವಣೆ ನಡೆಸುತ್ತಾರೆ. ಕಚೇರಿಯ ಗುಮಾಸ್ತರೆಂದು ತಿಳಿಯಬೇಡಿ, ಇವರು ಊರಿನ ಚುನಾವಣಾಧಿಕಾರಿಗಳು. ಎಣಿಕೆಯಾದ ಮೇಲೆ ಪ್ರತಿ ಕೌಂಟಿಯಲ್ಲೂ ಎರಡು ಪಕ್ಷದಿಂದ ಇಬ್ಬಿಬ್ಬರಿರುವ ನಾಲ್ವರ ಮಂಡಳಿ ಲೆಕ್ಕ ತಾಳೆ ನೋಡಿ ದೃಢೀಕರಿಸುತ್ತದೆ. ಮತಗಟ್ಟೆ ಮುಚ್ಚುವುದು ರಾತ್ರಿ 8ಕ್ಕೆ. ಆದರೆ ವಿಸ್ಕಾನ್ಸಿನ್ ಗಡಿಗೆ ತಾಗಿದ ನಾಲ್ಕು ಕೌಂಟಿಗಳ ಗಡಿಯಾರ ಒಂದು ಗಂಟೆ ಹಿಂದೆ. ನಮ್ಮಲ್ಲಿ ಎಣಿಕೆ ಶುರುವಾದಾಗಲೂ 1ನೇ ಕ್ಷೇತ್ರದ ಆ ಕಾಡಿನಂಚಿನ ಊರುಗಳಲ್ಲಿ ಜನ ಇನ್ನೂ ಸಾಲಿನಲ್ಲಿ ನಿಂತಿರುತ್ತಾರೆ.

ಕಾಕಾಗೆ ಕೊಟ್ಟ ಉತ್ತರ

ಎಲ್ಲವನ್ನೂ ಜೋಡಿಸಿ 2022ರ 13ನೇ ಕ್ಷೇತ್ರವನ್ನು ನೋಡಿ. ಸೀಟು 14ರಿಂದ 13ಕ್ಕೆ ಇಳಿದಿತ್ತು. ಹೊಸ ಗೆರೆ ಬಿದ್ದಿತ್ತು. ತ್ಲೈಬ್ ಪಕ್ಕದ 12ಕ್ಕೆ ಹೋದರು, 14ರ ಬ್ರೆಂಡಾ ಲಾರೆನ್ಸ್ ನಿವೃತ್ತಿ ಘೋಷಿಸಿದ್ದರು. ಹೀಗೆ ಹಾಲಿ ಸದಸ್ಯರಿಲ್ಲದ ಸೀಟು, ಅದೂ ಡೆಮಾಕ್ರಟಿಕ್ ಪಕ್ಷಕ್ಕೆ ಕಟ್ಟಿಟ್ಟ ಬುತ್ತಿ. ಪ್ರೈಮರಿಗೆ ಒಂಬತ್ತು ಮಂದಿ ಇಳಿದರು. ಥಾನೇದಾರ್ ರಸಾಯನಶಾಸ್ತ್ರಜ್ಞರು, ಉದ್ಯಮಿಯಾಗಿ ಸಂಪಾದಿಸಿದ್ದರು, ಆಗಲೇ ರಾಜ್ಯದ ಕೆಳಮನೆಯ ಸದಸ್ಯರಾಗಿದ್ದರು, ಪ್ರಚಾರಕ್ಕೆ ಬಹುಪಾಲು ತಮ್ಮದೇ ಹಣ ಹಾಕಿದರು. ಎದುರಿಗಿದ್ದ ಎಂಟು ಮಂದಿಯಲ್ಲಿ ಬಹುತೇಕರು ಕಪ್ಪು ಸಮುದಾಯದವರು, ಆ ಮತಗಳು ಅವರ ನಡುವೆ ಹರಿದು ಹಂಚಿಹೋದವು. ಥಾನೇದಾರ್‌ಗೆ ನೂರಕ್ಕೆ 28, ಅಂದರೆ ಸುಮಾರು 22 ಸಾವಿರ ಮತ. 7.75 ಲಕ್ಷ ಜನರ ಕ್ಷೇತ್ರದ ಪ್ರತಿನಿಧಿ ಯಾರೆಂದು ತೀರ್ಮಾನವಾದದ್ದು ಅಷ್ಟರಲ್ಲೇ. ನವೆಂಬರ್‌ನಲ್ಲಿ ನೂರಕ್ಕೆ 71 ಮತ ಬಂದದ್ದು ಔಪಚಾರಿಕ. ಪತ್ರಿಕೆಗಳು ಆಗಸ್ಟ್‌ನಲ್ಲೇ ಗೆದ್ದರು ಎಂದು ಬರೆದದ್ದು ಅದಕ್ಕೇ.

1955ರಿಂದ ಡೆಟ್ರಾಯ್ಟ್‌ಗೆ ಸಂಸತ್ತಿನಲ್ಲಿ ಒಬ್ಬರಲ್ಲ ಒಬ್ಬರು ಕಪ್ಪು ಪ್ರತಿನಿಧಿ ಇದ್ದೇ ಇದ್ದರು. 2023ರ ಜನವರಿಗೆ ಆ ಸರಪಳಿ ತುಂಡಾಯಿತು. ನಮ್ಮ ಕಡೆಯವರೊಬ್ಬರು ಅಷ್ಟು ದೂರ ಹೋದರು ಎಂದು ನನಗೆ ಹೆಮ್ಮೆಯಾದದ್ದು ಹೌದು. ಅದೇ ವಾರ ಕೆಲಸದಲ್ಲಿ ಜೊತೆಗಿರುವ ಡೆಟ್ರಾಯ್ಟ್‌ನ ಗೆಳೆಯರೊಬ್ಬರು ಊಟದ ಹೊತ್ತಿನಲ್ಲಿ, "ನಮ್ಮಜ್ಜಿ ಮತ ಹಾಕಲು ಶುರುಮಾಡಿದ ಕಾಲದಿಂದ ಇದ್ದದ್ದು ಇದು" ಎಂದು ಹೇಳಿ ಸುಮ್ಮನಾದದ್ದೂ ಹೌದು. ನಾನೂ ಏನೂ ಹೇಳಲಿಲ್ಲ.

2025ರಲ್ಲಿ ಟೆಕ್ಸಸ್ ದಶಕದ ನಡುವೆಯೇ ತನ್ನ ಗೆರೆಗಳನ್ನು ಪಕ್ಷದ ಲಾಭಕ್ಕೆ ಹೊಸದಾಗಿ ಎಳೆಯಿತು. ಉತ್ತರವಾಗಿ ಕ್ಯಾಲಿಫೋರ್ನಿಯಾದ ಮತದಾರರು ನವೆಂಬರ್‌ನಲ್ಲಿ ತಮ್ಮ ಆಯೋಗದ ನಕ್ಷೆಯನ್ನು ಬದಿಗಿಟ್ಟು ಬೇರೆ ನಕ್ಷೆಗೆ ಒಪ್ಪಿಗೆ ಕೊಟ್ಟರು. ಮಿಷಿಗನ್‌ನಲ್ಲಿ ಹಾಗೆ ಮಾಡುವ ಅಧಿಕಾರ ಶಾಸನಸಭೆಗಿಲ್ಲ, 2018ರ ತಿದ್ದುಪಡಿ ಅಡ್ಡ ನಿಂತಿದೆ. 2030ರ ಗಣತಿಯ ಹೊತ್ತಿಗೆ ಮತ್ತೆ ಅರ್ಜಿ ಕರೆದು, ಮತ್ತೆ ಹದಿಮೂರು ಹೆಸರುಗಳನ್ನು ಎತ್ತುತ್ತಾರೆ.

ಮುಂದೊಮ್ಮೆ ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅದಿರಲಿ, ಆಗಸ್ಟ್‌ದಾಗ ನೀ ಹೋಗಿದ್ದೇನ್?"

ಹೋಗಿದ್ದೆ. ಗೆರೆ ಬದಲಾದದ್ದರಿಂದ ನಮ್ಮ 11ನೇ ಕ್ಷೇತ್ರದಲ್ಲಿ ಅವತ್ತು ಹಾಲಿ ಸದಸ್ಯರಿಬ್ಬರು, ಹೇಲಿ ಸ್ಟೀವನ್ಸ್ ಮತ್ತು ಆ್ಯಂಡಿ ಲೆವಿನ್, ಒಂದೇ ಪಕ್ಷದೊಳಗೆ ಒಂದೇ ಸೀಟಿಗೆ ಎದುರುಬದುರಾಗಿದ್ದರು. ಸ್ಟೀವನ್ಸ್ ಗೆದ್ದರು. ನಾನು ಹೋದಾಗ ಮತಗಟ್ಟೆಯ ಮುಂದೆ ಸಾಲೇ ಇರಲಿಲ್ಲ. ಒಳಹೋಗಿ ಹೊರಬರಲು ಹಿಡಿದದ್ದು ಏಳು ನಿಮಿಷ.